ಕಾಣೆಯಾದ ಸಾವಿರದ ನಾನೂರ ಇಪ್ಪತ್ತೆರಡು ಮಂದಿ

ಅರವತ್ತನಾಲ್ಕು ಪ್ರಬಂಧಗಳು, ಅರವತ್ತನಾಲ್ಕರಲ್ಲೂ ಒಂದೇ ತಪ್ಪು.

ಅಂಕಿ ಅಕ್ಕ ಕನ್ನಡಕ ತೆಗೆದು ಒರೆಸಿ, ಮತ್ತೆ ಮೂಗಿನ ಮೇಲೇರಿಸಿ ನೋಡಿದಳು. ತಪ್ಪು ಎಲ್ಲಿಗೂ ಹೋಗಿರಲಿಲ್ಲ. ವಿಶ್ವವಿದ್ಯಾಲಯದಲ್ಲಿ ಸಂಚಾರಶಾಸ್ತ್ರ ಕಲಿಸುವ ಸಿಗ್ನಲ್ ಮೇಷ್ಟ್ರ ಹೆಸರುವಾಸಿ ಪ್ರಬಂಧ ಅಚ್ಚಾಗಿದ್ದು ಒಂದು ಸಂಶೋಧನಾ ಪತ್ರಿಕೆಯ 421ನೇ ಪುಟದಲ್ಲಿ. ಅದನ್ನು ಉಲ್ಲೇಖಿಸಿದ ಈ ಅರವತ್ತನಾಲ್ಕೂ 412 ಎನ್ನುತ್ತಿದ್ದವು.

ಕಣ್ತಪ್ಪಿನಿಂದ ಒಬ್ಬರು ಹಾಗೆ ಬರೆಯಬಹುದು. ಅವರದನ್ನು ನೋಡಿ ಇನ್ನೊಬ್ಬರು ನಕಲು ಹೊಡೆಯಬಹುದು. ಆರು ದೇಶಗಳ ವಿಳಾಸ ಹೊತ್ತ ಅರವತ್ತನಾಲ್ಕು ಪ್ರಬಂಧಗಳು ಒಂದೇ ಜಾಗದಲ್ಲಿ ಎಡವಿದವೆಂದರೆ, ಎಡವಿದ ಕಾಲು ಒಂದೇ.

ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಅವಳ ಕೆಲಸವೇ ಅದು. ಯಾರ ಪ್ರಬಂಧವನ್ನು ಎಷ್ಟು ಜನ ತಮ್ಮ ಪ್ರಬಂಧದಲ್ಲಿ ಹೆಸರಿಸಿದ್ದಾರೆ, ಯಾರು ಯಾರ ಜೊತೆ ಸೇರಿ ಬರೆದಿದ್ದಾರೆ ಎಂದು ಅಳೆದು ಹೇಳುವುದು. ಇಪ್ಪತ್ತಾರು ವರ್ಷ ಅದನ್ನೇ ಮಾಡಿ, ಹೆಸರು ಮರೆತುಹೋಗಿ, ಎಲ್ಲರ ಬಾಯಲ್ಲಿ ಅಂಕಿ ಅಕ್ಕ ಆಗಿಬಿಟ್ಟಿದ್ದಳು. ನಗರದ ಸಂಚಾರ ಸಮಿತಿ ಈ ಸಲ ಮೇಷ್ಟ್ರನ್ನು ಅಳೆದುಕೊಡಿ ಎಂದು ಕೇಳಿತ್ತು. ವರದಿ ಚೆನ್ನಾಗಿದ್ದರೆ ಮೇಷ್ಟ್ರ ಲೆಕ್ಕಾಚಾರದ ಪ್ರಕಾರ ಊರಿನ ತೊಂಬತ್ತು ಜೀಬ್ರಾ ಕ್ರಾಸಿಂಗ್‌ಗಳ ಸಿಗ್ನಲ್ ಬದಲಾಗುತ್ತದೆ. ನಡೆಯುವವರಿಗೆ ಇಪ್ಪತ್ನಾಲ್ಕು ಸೆಕೆಂಡ್ ಇದ್ದ ಹಸಿರು ದೀಪ ಹದಿನೈದಕ್ಕೆ ಇಳಿಯುತ್ತದೆ. ನಾಳೆಯೇ ಕೊನೆಯ ದಿನ.

ಮೇಷ್ಟ್ರ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದ ಹುಡುಗಿ ಕಣ್ಣಾಸ್ಪತ್ರೆ ಮುಂದಿನ ಕ್ರಾಸಿಂಗ್‌ನಲ್ಲಿ ಗಾಡಿಗೆ ಸಿಕ್ಕಿ ಸತ್ತು ಅಂದಿಗೆ ಹತ್ತೊಂಬತ್ತು ದಿನ. ಗುದ್ದಿದ ಗಾಡಿ ನಿಲ್ಲಲಿಲ್ಲ. ಕೆಂಪು ದೀಪ ಇದ್ದಾಗ ಹುಡುಗಿಯೇ ರಸ್ತೆಗಿಳಿದಳು ಎಂದು ಬರೆದು ಪೊಲೀಸರು ಕೈ ತೊಳೆದುಕೊಂಡಿದ್ದರು.

ಅಂಕಿ ಅಕ್ಕ ಹಳೆಯ ಕ್ಯಾಲೆಂಡರ್ ಹಾಳೆ ತಿರುಗಿಸಿ, ಅದರ ಬೆನ್ನಿಗೆ ವೃತ್ತ ಎಳೆಯುತ್ತ ಹೋಗಿದ್ದಳು. ಒಂದೊಂದು ವೃತ್ತ ಒಬ್ಬೊಬ್ಬ ಲೇಖಕ. ಜೊತೆಗೂಡಿ ಬರೆದಿದ್ದರೆ ನಡುವೆ ಒಂದು ಗೆರೆ. ಬಹಳ ಮಂದಿಯ ಹಾಳೆ ಬೇಲಿಬಳ್ಳಿಯ ಹಾಗೆ ದಿಕ್ಕುದೆಸೆ ಇಲ್ಲದೆ ಹಬ್ಬಿಕೊಂಡಿರುತ್ತದೆ. ಮೇಷ್ಟ್ರ ಹಾಳೆಯಲ್ಲಿ ಒಂದು ಮೂಲೆ ಮಾತ್ರ ಗಂಟು ಬಿದ್ದಿತ್ತು. ಏಳು ಹೆಸರುಗಳು ತಮ್ಮತಮ್ಮಲ್ಲೇ ಸುತ್ತುತ್ತಿದ್ದವು. ಅರವತ್ತನಾಲ್ಕು ಪ್ರಬಂಧ ಬರೆದದ್ದೂ ಆ ಏಳೇ, ಮೇಷ್ಟ್ರ ಜೊತೆ ಸೇರಿ ಬೇರೆ ಹನ್ನೊಂದು ಬರೆದದ್ದೂ ಆ ಏಳೇ.

ಏಳೂ ವಿಳಾಸಕ್ಕೆ ಪತ್ರ ಹಾಕಿದ್ದಳು. ಆರು ವಾಪಸು ಬಂದವು. ಏಳನೆಯದರಲ್ಲಿ ಫೋನ್ ನಂಬರಿತ್ತು. ಮಾಡಿದರೆ ಹಾಸಿಗೆ ಅಂಗಡಿಯವನೊಬ್ಬ ಎತ್ತಿ, ಸಿಂಗಲ್ಲೋ ಡಬಲ್ಲೋ ಎಂದು ಕೇಳಿದ.

ತೊಂಬತ್ತೊಂದು ಉಲ್ಲೇಖಗಳಲ್ಲಿ ಈ ಅರವತ್ತನಾಲ್ಕು ಕಳೆದರೆ ಇಪ್ಪತ್ತೇಳು. ಅದರಲ್ಲಿ ಒಂಬತ್ತು ಮೇಷ್ಟ್ರು ತಮ್ಮನ್ನು ತಾವೇ ಹೊಗಳಿಕೊಂಡದ್ದು. ಜಗತ್ಪ್ರಸಿದ್ಧ ಪ್ರಬಂಧಕ್ಕೆ ಕೊನೆಗೆ ಉಳಿದದ್ದು ಹದಿನೆಂಟು.

ಇಷ್ಟಕ್ಕೇ ಆಗಿದ್ದರೆ ಅವಳಿಗೆ ನಗು ಬರುತ್ತಿತ್ತು. ಇಂಥ ಬೇಳೆ ಬೇಯಿಸುವವರನ್ನು ಹಿಂದೆಯೂ ನೋಡಿದ್ದಳು. ಅವಳು ಕೆರಳಿದ್ದು ಇನ್ನೊಂದು ವಿಷಯಕ್ಕೆ.

ಸತ್ತ ಹುಡುಗಿಯ ತಂದೆ ನಲವತ್ತು ವರ್ಷ ಬಸ್ಸು ಓಡಿಸಿ ನಿವೃತ್ತನಾದವನು. ಆರು ದಿನದ ಹಿಂದೆ ಗ್ರಂಥಾಲಯದ ಕೌಂಟರ್ ಮುಂದೆ ಬಂದು ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ, ಎದೆಗವಚಿಕೊಂಡ ಬಟ್ಟೆ ಚೀಲ. ಪೊಲೀಸರ ಮೇಲೆ ದೂರಲಿಲ್ಲ, ಅಳಲಿಲ್ಲ. ಮಗಳು ಮೇಷ್ಟ್ರ ಜೊತೆ ದೊಡ್ಡದೇನೋ ಬರೆದಿದ್ದಾಳಂತೆ, ಅದರಲ್ಲಿ ಅವಳ ಹೆಸರಿರುವ ಪುಟವನ್ನು ಒಂದು ಸಲ ತೋರಿಸಿ ತಾಯಿ, ಕಟ್ಟು ಹಾಕಿಸಿ ಗೋಡೆಗೆ ಹಾಕುತ್ತೇನೆ ಎಂದ.

ಅವಳು ಹುಡುಕಿದಳು. ಮೇಷ್ಟ್ರ ಎಪ್ಪತ್ತಮೂರು ಪ್ರಬಂಧಗಳಲ್ಲಿ ಆ ಹುಡುಗಿಯ ಹೆಸರು ಒಂದರಲ್ಲೂ ಇರಲಿಲ್ಲ. ಕೃತಜ್ಞತೆ ಹೇಳುವ ಸಾಲಿನಲ್ಲೂ ಇರಲಿಲ್ಲ. ಕಂಪ್ಯೂಟರ್ ಪರದೆಯ ಮೇಲೆ ಬಂದ ಸೊನ್ನೆಯನ್ನು ಆ ಮನುಷ್ಯನಿಗೆ ಹೇಗೆ ತೋರಿಸುವುದು? ಇನ್ನೂ ಹುಡುಕುತ್ತಿದ್ದೇನೆ ಎಂದು ಸುಳ್ಳು ಹೇಳಿದಳು. ಅವನು ತಲೆಯಾಡಿಸಿ ಚೀಲ ಬಿಟ್ಟುಹೋದ. ಅದರಲ್ಲಿ ಮಗಳ ಕೈಬರಹದ ಕರಡು ಇತ್ತು, ಪೊಲೀಸರು ಹಿಂದಿರುಗಿಸಿದ ಸ್ಟಾಪ್‌ವಾಚ್ ಇತ್ತು. ಅಂದಿನಿಂದ ದಿನಾ ಹತ್ತೂವರೆಗೆ ಬಂದು ಓದುವ ಕೋಣೆಯ ಬೆಂಚಿನ ಮೇಲೆ ಕೂರುತ್ತಾನೆ. ಏನನ್ನೂ ಕೇಳುವುದಿಲ್ಲ. ಕೇಳದೆ ಕೂರುವುದೇ ಅವಳನ್ನು ಇರಿಯುತ್ತಿತ್ತು.

ಕರಡನ್ನು ಅವಳು ಮೂರು ಸಲ ಓದಿದ್ದಳು. ಹುಡುಗಿ ಎರಡು ವರ್ಷದ ಹಿಂದೆ ಮೂರು ವಾರ ಕಣ್ಣಾಸ್ಪತ್ರೆ ಮುಂದೆ ನಿಂತು, ರಸ್ತೆ ದಾಟುವ 4,812 ಜನರ ನಡಿಗೆ ಅಳೆದಿದ್ದಳು. ಯಾರು ಎಷ್ಟು ವಯಸ್ಸಿನವರು, ಕೈಯಲ್ಲಿ ಕೋಲಿದೆಯೇ, ಮಗುವಿದೆಯೇ, ಕಣ್ಣಿಗೆ ಪಟ್ಟಿ ಇದೆಯೇ ಎಲ್ಲವೂ ಕೋಷ್ಟಕದಲ್ಲಿತ್ತು.

ಅದೇ ಕೋಷ್ಟಕ ಮೇಷ್ಟ್ರ ಆ ಹೆಸರುವಾಸಿ ಪ್ರಬಂಧದಲ್ಲೂ ಇತ್ತು. ಅಡಿಯಲ್ಲಿ ಒಟ್ಟು 4,812 ಎಂದೇ ಬರೆದಿತ್ತು. ಅಂಕಿ ಅಕ್ಕನಿಗೆ ಒಟ್ಟು ಕಂಡರೆ ಕೂಡಿ ನೋಡುವ ಚಾಳಿ. ಕೂಡಿದಳು. 3,390 ಬಂತು. ಮತ್ತೆ ಕೂಡಿದಳು. ಅಷ್ಟೇ ಬಂತು.

ಸಾವಿರದ ನಾನೂರ ಇಪ್ಪತ್ತೆರಡು ಮಂದಿ ಕಾಣೆ.

ಯಾರು ಅವರು? ಹುಡುಗಿಯ ಕರಡು ಪಕ್ಕಕ್ಕಿಟ್ಟು ಹೋಲಿಸಿದರೆ ಗೊತ್ತಾಯಿತು. ಅರವತ್ತೈದು ದಾಟಿದವರ ಸಾಲು ಮಾಯ. ಕೋಲು ಹಿಡಿದವರ ಸಾಲು ಮಾಯ. ಮಗು ಎತ್ತಿಕೊಂಡವರು, ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಆಸ್ಪತ್ರೆಯಿಂದ ಹೊರಬಂದವರು, ಎಲ್ಲರೂ ಮಾಯ. ಉಳಿದವರೆಲ್ಲ ಚುರುಕು ಕಾಲಿನವರು. ಅವರ ಸರಾಸರಿ ಹಿಡಿದರೆ ಹದಿನೆಂಟು ಮೀಟರ್ ರಸ್ತೆ ಹದಿನೈದು ಸೆಕೆಂಡಿಗೆ ಮುಗಿಯುತ್ತದೆ.

ಅಂದು ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಅತ್ತೆಯನ್ನು ಮನೆಯ ಆರು ಮೀಟರ್ ಪಡಸಾಲೆಯಲ್ಲಿ ಮೂರು ಸಲ ನಡೆಸಿದ್ದಳು. ಎಪ್ಪತ್ತೆಂಟರ ಮುದುಕಿ, ಮಂಡಿ ನೋವು. ಇಪ್ಪತ್ತೇಳು ಸೆಕೆಂಡ್ ಆಯಿತು. ನನ್ನನ್ನೇನು ಪಂದ್ಯಕ್ಕೆ ಕಳಿಸ್ತೀಯೇನೇ ಎಂದು ಅತ್ತೆ ಗೊಣಗಿ ಕುರ್ಚಿ ಹಿಡಿದು ಕೂತರು. ಅಂಕಿ ಅಕ್ಕನಿಗೂ ಅತ್ತೆಗೂ ದಿನ ಬೆಳಗಾದರೆ ಒಂದಲ್ಲ ಒಂದು ಕಿತ್ತಾಟ. ಆದರೂ ಅತ್ತೆ ಪ್ರತಿ ತಿಂಗಳು ಕಣ್ಣಿಗೆ ಔಷಧಿ ಹಾಕಿಸಿಕೊಂಡು ಅದೇ ರಸ್ತೆ ದಾಟುವವರು. ಹದಿನೈದನೇ ಸೆಕೆಂಡಿಗೆ ಅವರು ಎಲ್ಲಿರುತ್ತಾರೆಂದು ಲೆಕ್ಕ ಹಾಕಿದಳು. ರಸ್ತೆಯ ಅರ್ಧ ದಾಟಿ, ಒಂದೆರಡು ಹೆಜ್ಜೆ ಆಚೆ.

ಮುಖ್ಯ ಗ್ರಂಥಪಾಲಕರಿಗೆ ದಿನದಿನದ್ದನ್ನು ಹೇಳುತ್ತ ಬಂದಿದ್ದಳು. ಅವರು ಮೆತ್ತನೆಯ ಮನುಷ್ಯ, ಇಪ್ಪತ್ತು ವರ್ಷದಿಂದ ಅವಳ ಮೇಲಧಿಕಾರಿ. ತಾಳ್ಮೆಯಿಂದ ಕೇಳಿ, ಆತುರ ಬೇಡ, ಎಲ್ಲ ಸೇರಿಸಿ ಒಟ್ಟಿಗೆ ಕೊಡೋಣ ಎನ್ನುತ್ತಿದ್ದರು. ತಾಳ್ಮೆ ಇನ್ನು ಅವಳಲ್ಲಿ ಉಳಿದಿರಲಿಲ್ಲ. ಕರಡು, ಕ್ಯಾಲೆಂಡರ್ ಹಾಳೆ, ಸ್ಟಾಪ್‌ವಾಚ್ ಚೀಲಕ್ಕೆ ತುಂಬಿ, ಹನ್ನೊಂದು ಗಂಟೆಗೆ ಮೇಷ್ಟ್ರ ಕೋಣೆಯ ಬಾಗಿಲು ತಟ್ಟಿದಳು.

ಕೋಣೆಯ ನಡುವೆ ದೊಡ್ಡ ಮೇಜು. ಅದರ ಮೇಲೆ ರಟ್ಟಿನಲ್ಲಿ ಮಾಡಿದ ನಾಲ್ಕು ರಸ್ತೆಯ ಕೂಡು. ಬೆರಳುದ್ದದ ಕಾರುಗಳು, ಬಸ್ಸುಗಳು, ಮಿಣುಕುವ ಪುಟ್ಟ ದೀಪಗಳು. ಎಲ್ಲ ಇತ್ತು, ಒಬ್ಬ ಮನುಷ್ಯನ ಗೊಂಬೆ ಇರಲಿಲ್ಲ.

ಮೇಷ್ಟ್ರು ಎದ್ದು ನಿಂತು ಕುರ್ಚಿ ತೋರಿಸಿದರು. ವರದಿ ಆಯಿತೇ ಎಂದು ನಗುತ್ತ ಕೇಳಿದರು. ಅಂಕಿ ಅಕ್ಕ ಕೂರಲಿಲ್ಲ. ಕ್ಯಾಲೆಂಡರ್ ಹಾಳೆಯನ್ನು ರಟ್ಟಿನ ರಸ್ತೆಗಳ ಮೇಲೆ ಹಾಸಿದಳು. ಎರಡು ಕಾರು ಮಗುಚಿಬಿದ್ದವು.

"ಈ ಏಳು ಜನ ನಿಮ್ಮ ಜೊತೆ ಹನ್ನೊಂದು ಪ್ರಬಂಧ ಬರೆದಿದ್ದಾರೆ ಮೇಷ್ಟ್ರೇ. ಒಬ್ಬರ ಮುಖವನ್ನಾದರೂ ನೋಡಿದ್ದೀರಾ?"

"ಈ ಕಾಲದಲ್ಲಿ ಮುಖ ನೋಡಿ ಯಾರು ಬರೀತಾರೆ ಮೇಡಂ?"

"ದನಿ ಕೇಳಿದ್ದೀರಾ?"

ಮೇಷ್ಟ್ರು ಮಗುಚಿದ ಕಾರೊಂದನ್ನು ಎತ್ತಿ ನಿಲ್ಲಿಸಿದರು. ಅವಳು 412ರ ಕಥೆ ಹೇಳಿದಳು. ಅದನ್ನು ಕೇಳಿ ಅವರಿಗೆ ನಿಜಕ್ಕೂ ಅಚ್ಚರಿಯಾದಂತಿತ್ತು. ಕಪಾಟಿನಿಂದ ತಮ್ಮ ಪ್ರಬಂಧಗಳನ್ನು ತೆಗೆದು ತೋರಿಸಿದರು. ಅವರು ಬರೆದ ಕಡೆಯೆಲ್ಲ ಪುಟ 421 ಎಂದು ಸರಿಯಾಗಿಯೇ ಇತ್ತು. ತಪ್ಪು ಅವರ ಕೈಯದಲ್ಲ.

ಆಮೇಲೆ ನಿಧಾನವಾಗಿ ಬಾಯಿ ಬಿಟ್ಟರು. ಏಳು ಹೆಸರನ್ನು ಕಳಿಸಿದ್ದು ಸಂಚಾರ ಸಮಿತಿಯ ಕಾರ್ಯದರ್ಶಿ. ಹೊರಗಿನ ಸಲಹೆಗಾರರು, ಸೇರಿಸಿಕೊಳ್ಳಿ ಎಂದಿದ್ದ. ಉಲ್ಲೇಖಗಳು ಏಕಾಏಕಿ ಏರತೊಡಗಿದಾಗ ಒಮ್ಮೆ ಕೇಳಿದ್ದರಂತೆ. ಹೆಸರು ಬರ್ತಿದೆಯಲ್ಲ, ನಿಮಗ್ಯಾಕೆ ಚಿಂತೆ ಎಂದನಂತೆ. ಗಾಡಿಗಳನ್ನು ಬೇಗ ಓಡಿಸಿ ತೋರಿಸುತ್ತೇನೆಂದು ಮೇಲಿನವರಿಗೆ ಮಾತು ಕೊಟ್ಟಿದ್ದವನು ಅವನು. ಅದಕ್ಕೊಬ್ಬ ಜಗತ್ಪ್ರಸಿದ್ಧ ಬೇಕಿತ್ತು, ಮಾಡಿಕೊಂಡ.

"ನೀವು ಆದಿರಿ," ಎಂದಳು ಅಂಕಿ ಅಕ್ಕ.

ಮೇಷ್ಟ್ರು ಕಿಟಕಿಯತ್ತ ತಿರುಗಿದರು. ಅವಳು ಎರಡು ಕೋಷ್ಟಕ ಅಕ್ಕಪಕ್ಕ ಇಟ್ಟಳು.

"ಇವರೆಲ್ಲ ಎಲ್ಲಿ ಹೋದರು?"

"ಅವು ಹೊರಗುಳಿಯೋ ಅಂಕಿಗಳು. ಮಾದರಿಗೆ ಹೊಂದಲ್ಲ."

"ರಸ್ತೆಗೆ ಹೊಂದುತ್ತಾರಲ್ಲ. ದಿನಾ ದಾಟುತ್ತಾರಲ್ಲ. ಅಡಿಯಲ್ಲಿ ಒಟ್ಟು ಮಾತ್ರ ಹಾಗೇ ಇದೆ. ಒಟ್ಟು ತಿದ್ದೋದನ್ನ ಮರೆತಿರಿ ಮೇಷ್ಟ್ರೇ, ಜನರನ್ನ ಅಳಿಸೋದನ್ನ ಮರೀಲಿಲ್ಲ."

ಮೇಷ್ಟ್ರ ಮುಖ ಕೆಂಪೇರಿತು. ಮೂವತ್ತು ವರ್ಷ ಪಾಠ ಹೇಳಿದ ದನಿಯಲ್ಲಿ, ಗ್ರಂಥಾಲಯದವರು ಪುಸ್ತಕ ಜೋಡಿಸುವ ಕೆಲಸ ನೋಡಿಕೊಂಡರೆ ಸಾಕು ಎಂದರು. ಹುಡುಗಿಯ ಹೆಸರನ್ನು ತಾನು ಕದ್ದಿಲ್ಲ ಎಂದರು. ಮುದುಕರನ್ನು ವಾಪಸು ಸೇರಿಸಿ, ಇಲ್ಲವಾದರೆ ನನ್ನ ಹೆಸರು ತೆಗೆಯಿರಿ ಎಂದು ಆ ಹುಡುಗಿಯೇ ಈ ಕೋಣೆಯಲ್ಲಿ, ಈ ಮೇಜಿನ ಮುಂದೆ ನಿಂತು ಹೇಳಿದಳು. ತೆಗೆದೆ. ಅದರಲ್ಲಿ ನನ್ನದೇನು ತಪ್ಪು ಎಂದು ಕೇಳಿದರು.

ಅಂಕಿ ಅಕ್ಕ ಹುಡುಗಿಯ ಕರಡಿನ ಮೇಲೆ ಕೈಯಿಟ್ಟಳು. ಆ ಸೊನ್ನೆ ಹುಡುಗಿಗೆ ಆದ ಅವಮಾನ ಎಂದುಕೊಂಡು ಆರು ದಿನ ಕುದಿದಿದ್ದಳು. ಹುಡುಗಿ ತಾನೇ ಆರಿಸಿಕೊಂಡದ್ದು ಅದು. ಮೂರು ವಾರ ಬಿಸಿಲಲ್ಲಿ ನಿಂತು ಗಳಿಸಿದ್ದನ್ನು, ತನ್ನ ಹೆಸರಿನ ಕೆಳಗೆ ಸುಳ್ಳು ಹೋಗಬಾರದೆಂದು ಎತ್ತಿ ಎಸೆದಿದ್ದಳು. ಕೋಪ ಕಡಿಮೆಯಾಗಲಿಲ್ಲ. ಕಾಲು ಗಟ್ಟಿಯಾಯಿತು ಅಷ್ಟೆ.

ಚೀಲದಿಂದ ಸ್ಟಾಪ್‌ವಾಚ್ ತೆಗೆದು ಮೇಜಿನ ಮೇಲಿಟ್ಟಳು. ಗಾಜು ಬಿರುಕು ಬಿಟ್ಟಿತ್ತು, ಅಂಕಿ ಕಾಣುತ್ತಿತ್ತು. 15.2.

"ಹಸಿರು ಬಂದಾಗ ಒತ್ತಿ, ಕೆಂಪು ಬಂದಾಗ ಮತ್ತೆ ಒತ್ತೋದು ಅವಳ ಅಭ್ಯಾಸ. ಕರಡಿನಲ್ಲೇ ಬರೆದಿದ್ದಾಳೆ. ಆ ಕ್ರಾಸಿಂಗ್‌ನಲ್ಲಿ ಹಸಿರು ಇಪ್ಪತ್ನಾಲ್ಕು ಸೆಕೆಂಡ್. ಅವತ್ತು ಹದಿನೈದಕ್ಕೆ ಯಾಕೆ ನಿಂತಿತು?"

ಮೇಷ್ಟ್ರು ಆ ಅಂಕಿಯನ್ನೇ ನೋಡುತ್ತ ನಿಂತರು. ಮುಖದ ಕೆಂಪು ಇಳಿಯಿತು. ಕುರ್ಚಿ ಎಳೆದು ಕೂತರು.

"ಒಂದು ವಾರದ ಪ್ರಯೋಗ. ಅದೊಂದೇ ಕ್ರಾಸಿಂಗ್‌ನಲ್ಲಿ. ಸಮಿತಿಯವರು ಮಾಡಿಸಿದ್ದು."

"ಬೋರ್ಡ್ ಹಾಕಿದ್ದಿರಾ?"

"ಬೋರ್ಡ್ ಹಾಕಿದರೆ ಜನ ಎಚ್ಚರವಾಗಿ ಬೇಗ ನಡೀತಾರೆ. ಪ್ರಯೋಗ ಕೆಡುತ್ತೆ."

ಅಂಕಿ ಅಕ್ಕ ಮೇಜಿನ ಅಂಚು ಹಿಡಿದುಕೊಂಡಳು. ಕೆನ್ನೆಗೆ ಬಾರಿಸಬೇಕೆನಿಸಿತು. ಐವತ್ತೆರಡು ವರ್ಷದಲ್ಲಿ ಯಾರಿಗೂ ಕೈ ಎತ್ತಿದವಳಲ್ಲ.

ಮಿಕ್ಕದ್ದನ್ನು ಮೇಷ್ಟ್ರು ನೆಲ ನೋಡುತ್ತ ಹೇಳಿದರು. ದೀಪ ಬೇಗ ಬದಲಾಗುತ್ತಿದೆ ಎಂದು ಹುಡುಗಿಗೆ ಹೇಗೋ ಸುಳಿವು ಸಿಕ್ಕಿತ್ತು. ಅಳೆಯಲು ಹೋಗಿದ್ದಳು. ಅವತ್ತು ಹತ್ತು ಐವತ್ತಕ್ಕೆ ಕಾರ್ಯದರ್ಶಿಯ ಫೋನ್ ಬಂತು. ನಿಮ್ಮ ಹುಡುಗಿ ಸ್ಟಾಪ್‌ವಾಚ್ ಹಿಡಿದು ಇಲ್ಲಿ ನಿಂತಿದ್ದಾಳೆ, ಎಲ್ಲ ಬರೆದುಕೊಳ್ಳುತ್ತಿದ್ದಾಳೆ, ನನ್ನ ಕಣ್ಣೆದುರಿಗೇ ಇದ್ದಾಳೆ ಎಂದ. ಹನ್ನೊಂದು ಹತ್ತಕ್ಕೆ ಹುಡುಗಿ ಸತ್ತಳು. ಬರೆದುಕೊಳ್ಳುತ್ತಿದ್ದ ಪುಸ್ತಕ ಇಂದಿಗೂ ಸಿಕ್ಕಿಲ್ಲ.

"ಫೋನಿನಲ್ಲಿ ನೀವೇನಂದಿರಿ?"

"ಅವಳನ್ನ ಅಲ್ಲಿಂದ ಕಳಿಸಿಬಿಡಿ ಅಂದೆ."

"ಕಳಿಸಿದರು," ಎಂದಳು ಅಂಕಿ ಅಕ್ಕ.

ಹಾಳೆ, ಕರಡು, ಸ್ಟಾಪ್‌ವಾಚ್ ಎತ್ತಿಕೊಂಡು ಹೊರಬಂದಳು. ಮೇಷ್ಟ್ರು ಹಿಂದಿನಿಂದ ಏನೋ ಹೇಳುತ್ತಿದ್ದರು. ತಾನು ಬೇರೆ ಅರ್ಥದಲ್ಲಿ ಹೇಳಿದ್ದು ಎಂಬಂಥ ಮಾತು. ಅವಳು ತಿರುಗಿ ನೋಡಲಿಲ್ಲ.

ತನ್ನ ಮೇಜಿಗೆ ಬಂದು ಎರಡು ಗಂಟೆ ಒಂದೇ ಸಮನೆ ಟೈಪ್ ಮಾಡಿದಳು. ಊಟದ ಡಬ್ಬಿ ತೆರೆಯಲಿಲ್ಲ. ಕೆಳಗಿಂದ ಮೇಲೆ, ಮೇಲಿಂದ ಕೆಳಗೆ ಅಂಕಿ ತಾಳೆ ನೋಡಿದಳು. ವರದಿ ಒಂಬತ್ತು ಪುಟ ಆಯಿತು. ಕೊನೆಯ ಸಾಲು ಹೀಗಿತ್ತು: ಈ ಪ್ರಬಂಧದ ಆಧಾರದ ಮೇಲೆ ಒಂದು ಸಿಗ್ನಲ್‌ನ ಒಂದು ಸೆಕೆಂಡ್ ಕೂಡ ಬದಲಿಸತಕ್ಕದ್ದಲ್ಲ. ಅಳೆದು ಹೇಳುವವಳಿಗೆ ಅಪ್ಪಣೆ ಕೊಡುವ ಅಧಿಕಾರ ಇಲ್ಲ ಎಂದು ಗೊತ್ತಿತ್ತು. ಆದರೂ ಬರೆದಳು.

ಸಹಿ ಹಾಕಿ, ಸಮಿತಿಯ ಕಚೇರಿಗೆ ಫೋನ್ ಮಾಡಿದಳು. ವರದಿಯನ್ನು ಕಾರ್ಯದರ್ಶಿಗಲ್ಲ, ಅಧ್ಯಕ್ಷರಿಗೇ ಕೈಯಾರೆ ಕೊಡಬೇಕು, ಎಷ್ಟು ಹೊತ್ತಿಗೆ ಬರಲಿ ಎಂದು ಕೇಳಿದಳು.

ಆ ಕಡೆಯ ಗುಮಾಸ್ತೆಗೆ ಗೊಂದಲವಾಯಿತು. ಫೈಲು ತಿರುವುವ ಸದ್ದು ಕೇಳಿತು. ನಿಮ್ಮ ವರದಿ ನಿನ್ನೆಯೇ ಬಂದಿದೆಯಲ್ಲ ಮೇಡಂ ಎಂದಳು. ನಾಲ್ಕು ಪುಟ, ನಿಮ್ಮದೇ ಸಹಿ, ಗ್ರಂಥಾಲಯದ ಮೊಹರು. ಉಲ್ಲೇಖ, ಸಹಲೇಖನ ಎರಡೂ ಅತ್ಯುತ್ತಮ ಎಂದು ಬರೆದಿದ್ದೀರಿ. ಅಧ್ಯಕ್ಷರು ಒಪ್ಪಿಗೆ ಕೊಟ್ಟಾಯಿತು. ತೊಂಬತ್ತು ಕ್ರಾಸಿಂಗ್‌ಗಳಲ್ಲೂ ನಾಳೆ ಬೆಳಿಗ್ಗೆ ಆರಕ್ಕೆ ಹೊಸ ಸಮಯ ಶುರು.

"ಯಾರು ತಂದುಕೊಟ್ಟರು?"

"ನಿಮ್ಮ ಮುಖ್ಯ ಗ್ರಂಥಪಾಲಕರೇ ಬಂದಿದ್ದರು ಮೇಡಂ."

ಫೋನ್ ಇಟ್ಟಳು. ಒಂಬತ್ತು ಪುಟ ಕೈಯಲ್ಲಿ ಹಿಡಿದುಕೊಂಡೇ ಓದುವ ಕೋಣೆ ದಾಟಿದಳು. ಬೆಂಚಿನ ಮೇಲೆ ಹುಡುಗಿಯ ತಂದೆ ಎಂದಿನಂತೆ ಕೂತಿದ್ದ. ಅವಳ ಮುಖ ನೋಡಿ ಎದ್ದು ನಿಂತ. ಅವಳು ನಿಲ್ಲದೆ ಮುಂದೆ ಹೋಗಿ, ಮುಖ್ಯ ಗ್ರಂಥಪಾಲಕರ ಕೋಣೆಯ ಬಾಗಿಲನ್ನು ತಟ್ಟದೇ ತಳ್ಳಿದಳು. ಇಪ್ಪತ್ತು ವರ್ಷದಲ್ಲಿ ಅದು ಮೊದಲ ಸಲ.

ಅವರು ಖಾಲಿ ಮೇಜಿನ ಮುಂದೆ ಕೈ ಕಟ್ಟಿಕೊಂಡು ಕೂತಿದ್ದರು. ಅವಳು ಬರುತ್ತಾಳೆಂದು ಗೊತ್ತಿದ್ದವರ ಹಾಗೆ. ಅವಳು ವರದಿಯನ್ನು ಮೇಜಿನ ಮೇಲೆ ಕುಕ್ಕಿ, ನನ್ನ ಸಹಿಯನ್ನು ಎಷ್ಟು ಸಲ ಬರೆದು ಅಭ್ಯಾಸ ಮಾಡಿದಿರಿ ಸರ್ ಎಂದು ಕೇಳಿದಳು.

ಅವರು ತಪ್ಪಿಸಿಕೊಳ್ಳಲಿಲ್ಲ. ನಾಲ್ಕು ಸಲ ಎಂದರು. ಬೇರೆ ದಾರಿ ಇರಲಿಲ್ಲ ಎಂದರು. ಕಾರ್ಯದರ್ಶಿ ತನ್ನ ಜುಟ್ಟು ಹಿಡಿದುಕೊಂಡಿದ್ದಾನೆ, ಅವನು ಬಾಯಿ ಬಿಟ್ಟರೆ ತಾನು ಜೈಲಿಗೆ ಹೋಗಬೇಕು ಎಂದರು.

"ಅಂಥದ್ದೇನು ಮಾಡಿದ್ದೀರಿ?"

ಅವರು ಅವಳ ಭುಜದಾಚೆ ನೋಡಿ ದನಿ ತಗ್ಗಿಸಿದರು.

"ಅವತ್ತು ಹುಡುಗಿಗೆ ಗುದ್ದಿದ ಗಾಡಿ ಓಡಿಸ್ತಿದ್ದದ್ದು ಕಾರ್ಯದರ್ಶಿ ಅಲ್ಲ. ಅವನು ಪಕ್ಕದ ಸೀಟಿನಲ್ಲಿದ್ದ, ನಾನು ಹಿಂದೆ ಇದ್ದೆ, ಕಂಡದ್ದನ್ನ ಪೊಲೀಸರಿಗೆ ಹೇಳದೆ ಮುಚ್ಚಿಟ್ಟೆ. ಓಡಿಸ್ತಿದ್ದದ್ದು ಯಾರು ಅಂತ ಹೇಳ್ತೀನಿ. ಮೊದಲು ಬಾಗಿಲು ಹಾಕಿ."

ಅಂಕಿ ಅಕ್ಕ ಬಾಗಿಲ ಬಳಿಗೆ ಹೋದಳು. ಹಾಕಲಿಲ್ಲ. ಗೋಡೆಗೆ ತಾಗುವಷ್ಟು ಅಗಲವಾಗಿ ತೆರೆದಳು.

"ಯಜಮಾನರೇ," ಎಂದು ಬೆಂಚಿನ ಕಡೆ ಕರೆದಳು. "ಒಳಗೆ ಬನ್ನಿ. ಇವರು ನಿಮಗೊಂದು ವಿಷಯ ಹೇಳಬೇಕಂತೆ."